ಒಂಬತ್ತನೆಯ ಕಾಲಂ

ಹೈದರಾಬಾದಿನಿಂದ ಬಂದ ನಮೂನೆಯಲ್ಲಿ
ಎಂಟು ಕಾಲಮ್ಮುಗಳು ಸಲೀಸಾಗಿ ತುಂಬಿದವು.
ಸಿಬ್ಬಂದಿ ಹದಿನಾಲ್ಕು. ಫ್ಯಾನು ಒಂಬತ್ತು, ತಿರುಗುವವು ಏಳು.
ಮಾರ್ಚಿಗೆ ಮುಗಿಯದೆ ಉಳಿದ ಫೈಲು ಇನ್ನೂರಾ ಹನ್ನೊಂದು.
ಒಂಬತ್ತನೆಯದರಲ್ಲಿ ಪೆನ್ನು ನಿಂತಿತು:
‘ಕಾರ್ಯಕ್ಷಮತೆ ಹೆಚ್ಚಿಸಲು ಶಾಖಾ ವ್ಯವಸ್ಥಾಪಕರು ಕೈಗೊಂಡ ಕ್ರಮ.’
ಜಾಗ ಒಂದೂವರೆ ಗೆರೆ.

ಹೊರಗೆ ನಲವತ್ಮೂರು ಡಿಗ್ರಿ ಕಲಬುರಗಿ.
ಸರಕಾರಿ ಕಚೇರಿಗಳು ಬೇಸಗೆಗೆಂದು ಎಂಟಕ್ಕೇ ತೆರೆದು
ಒಂದೂವರೆಗೆ ಬೀಗ ಹಾಕಿಕೊಂಡು ಮಲಗುವ ಊರಲ್ಲಿ
ನಾವು ಮಾತ್ರ ಐದರವರೆಗೆ
ಶಹಾಬಾದಿ ಫರಸಿಗೆ ನೀರು ಚೆಲ್ಲಿಕೊಂಡು
ಮನುಷ್ಯನ ಆಯುಷ್ಯಕ್ಕೆ ಲೆಕ್ಕ ಬರೆಯುತ್ತೇವೆ.

ಮೊದಲ ಕ್ರಮ ನನ್ನದಲ್ಲ, ಮೇಲಿನವರದು.
ತರಬೇತಿಗೆ ಬಂದ ಹುಡುಗ, ಇಸ್ತ್ರಿ ಮುರಿಯದ ಅಂಗಿ,
ಗೋಡೆಗೊಂದು ಬಿಳಿ ಹಲಗೆ ಹೊಡೆಸಿದ.
ಫೈಲೊಂದಕ್ಕೆ ಹನ್ನೊಂದು ನಿಮಿಷ.
ಹೆಸರಿನ ಮುಂದೆ ಹಸಿರು ಚುಕ್ಕಿ, ಹಳದಿ, ಕೆಂಪು.
ಮರಣದ ಕ್ಲೇಮು ನೋಡುವ ಜಗದೇವಿಯ ಮುಂದೆ
ವಾರವಿಡೀ ಕೆಂಪು,
ಅವಳ ಹಣೆಯ ಕುಂಕುಮಕ್ಕಿಂತ ದೊಡ್ಡದು.

ಚನ್ನವೀರನಿಗೆ ದಿನಾ ಹಸಿರು. ಅವನು ಬಲ್ಲ:
ತೆರೆ, ಒಂದು ಪ್ರಶ್ನೆ ಬರೆ, ವಾಪಸು ಕಳಿಸು, ಮುಚ್ಚು.
ಫೈಲು ಆಳಂದಕ್ಕೆ ಹೋಗಿ ಬರುವಷ್ಟರಲ್ಲಿ
ಲೆಕ್ಕದಲ್ಲಿ ಎರಡು ಸಲ ಮುಗಿದಿರುತ್ತದೆ.
ಅವನನ್ನು ಬೈಯಲಾರೆ. ಹಲಗೆ ಕೇಳಿದ್ದನ್ನು ಕೊಟ್ಟ.

‘ದಿನಕ್ಕ ನಾಕಽ ಫೈಲ್ ಯಾಕ್ರಿ, ಬಾಯಿ?’
ಜಗದೇವಿ ಮಾತಾಡದೆ ಒಂದನ್ನು ತೆರೆದಿಟ್ಟಳು.
ಪಾಲಿಸಿಯಲ್ಲಿ ಭೀಮಶಾ. ರೇಷನ್ ಕಾರ್ಡಿನಲ್ಲಿ ಭೀಮಶ್ಯಾ.
ಮರಣಪತ್ರದಲ್ಲಿ ಭೀಮಶೆಟ್ಟಿ, ಬರೆದವನು ಈ ಕಡೆಯವನಲ್ಲ.
ವಯಸ್ಸಿಗೆ ಸಾಕ್ಷಿಯೆಂದು ತಂದದ್ದು
ಉರ್ದು ಶಾಲೆಯ ದಾಖಲೆ, ಅಂಚು ಗೆದ್ದಲು ತಿಂದದ್ದು.

‘ಈ ಮೂವರೂ ಒಬ್ಬರಽ ಅಂತ
ಹನ್ನೊಂದು ನಿಮಿಷದಾಗ ಹ್ಯಾಂಗ ಬರೀಲಿ ಸರ್?
ಸತ್ತಾಂವ ಬಂದು ಹೇಳಂಗಿಲ್ಲ.
ಆತನ ಹೇಂತಿ ಬೆಂಚಿನ ಮ್ಯಾಲ ಕುಂತಾಳ, ಸೇಡಂದಿಂದ ಬಂದಾಳ.
ಪ್ರಶ್ನಿ ಬರದು ಕಳಿಸಿದ್ರ ನನಗ ಹಸಿರು.
ಆಕಿಗಿ ಬಸ್ ಪುಕಟ ಆಗ್ಯಾದ, ಖರೆ.
ಸಂಗಾಟ ಬರೋ ಮಗಂದು ಫ್ಯಾಕ್ಟರಿ ಪಾಳಿ ತಪ್ತದ.’

ಬಾಗಿಲ ಬಳಿಯ ಸ್ಟೂಲಿನಲ್ಲಿ ಲಾಡ್ಲೇಸಾಬ,
ನಿವೃತ್ತಿಗೆ ಏಳು ತಿಂಗಳು. ಚಹಾ ತರುತ್ತಾನೆ, ಸೀಲು ಒತ್ತುತ್ತಾನೆ.
ಹಲಗೆಯಲ್ಲಿ ಅವನ ಹೆಸರೇ ಇಲ್ಲ.
ಜಗದೇವಿ ಕಾಗದ ಹಿಡಿದು ಅವನತ್ತ ನಡೆದಳು.
ಕನ್ನಡಕ ಒರೆಸಿ, ಬಲದಿಂದ ಎಡಕ್ಕೆ ಬೆರಳೆಳೆಯುತ್ತ
ಓದಿದ: ಊರು, ಅಪ್ಪನ ಹೆಸರು, ಫಸಲಿ ಸನ್ನು;
ಐದುನೂರಾ ತೊಂಬತ್ತು ಕೂಡಿಸಿ ಇಸವಿ ಮಾಡಿದ.
ಬೆಂಚಿನ ಮೇಲಿನ ಮುದುಕಿ ಸೆರಗು ಸರಿಸಿಕೊಂಡು,
‘ಹೌದ್ರಿ, ನಮ್ಮ ಮಾವನ ಹೆಸರಽ ಅದು’ ಅಂದಳು.

ಕಂಬದ ಮರೆಯಲ್ಲಿ ನಿಂತು ಗಡಿಯಾರ ನೋಡಿದೆ.
ಓದಿದ್ದು ಆರು ನಿಮಿಷ.
ಹೋಗಿ, ಕಾದು, ಮರಳಿದ್ದು ನಲವತ್ತು.
ನಡುವೆ ಅವನನ್ನು ಮೂವರು ಚಹಾಕ್ಕೆ ಕರೆದಿದ್ದರು,
ಮೂವರಲ್ಲಿ ನಾನೂ ಒಬ್ಬ.

ಆ ಸಂಜೆ ಎಲ್ಲ ಹೋದ ಮೇಲೆ
ಸ್ಟೂಲನ್ನೆತ್ತಿ ಜಗದೇವಿಯ ಮೇಜಿನ ಎಡಕ್ಕಿಟ್ಟೆ.
ಒಂದು ಕಾಲು ಕುಂಟು. ಹಳೆಯ ಸುತ್ತೋಲೆ ಮಡಚಿ ಸಿಕ್ಕಿಸಿದೆ.
ಮೇಲಿನ ಫ್ಯಾನು ತಿರುಗದ ಎರಡರಲ್ಲಿ ಒಂದು;
ಮರುದಿನ ನನ್ನ ಕೋಣೆಯದನ್ನು ಬಿಚ್ಚಿಸಿ ಅಲ್ಲಿ ಹಾಕಿಸಿದೆ.
ಚಹಾ ಈಗ ಬೇಕಾದವರೇ ತರುತ್ತಾರೆ.
ಚನ್ನವೀರ ಒಂದು ದಿನ ಗೊಣಗಿದ. ಎರಡನೆಯ ದಿನ
ತನ್ನದೂ ಒಂದು ಉರ್ದು ಕಾಗದ ಹಿಡಿದು
ಸ್ಟೂಲಿನ ಪಕ್ಕ ಸುಮ್ಮನೆ ನಿಂತ.

ಜಗದೇವಿಯದು ಈಗ ದಿನಕ್ಕೆ ಏಳು.
ಹಲಗೆ ಇನ್ನೂ ಕೆಂಪು ಅನ್ನುತ್ತದೆ.
ಬೆವರಿದ ಕೈಯಲ್ಲಿ ಒಂಬತ್ತನೆಯ ಕಾಲಂ ತುಂಬಿದೆ:
‘ಸ್ಟೂಲು ಒಂದು. ಹನ್ನೆರಡು ಹೆಜ್ಜೆ ಸರಿಸಲಾಗಿದೆ.’

ನಮೂನೆ ವಾಪಸು ಬಂದಿದೆ.
ಪ್ರಶ್ನೆ: ಸ್ಟೂಲಿನ ಖರೀದಿಗೆ ಮಂಜೂರಾತಿ ಎಲ್ಲಿ?

ಏಳು ತಿಂಗಳಲ್ಲಿ ಎರಡು ಕಳೆದವು.
ಊಟದ ಹೊತ್ತಿಗೆ, ಒಂದು ಕೈಯಲ್ಲಿ ರೊಟ್ಟಿ,
ರದ್ದಾದ ರಸೀದಿಯ ಬೆನ್ನಿಗೆ ಜಗದೇವಿ
ಬಲದಿಂದ ಎಡಕ್ಕೆ ಏನೋ ಬರೆಯುತ್ತಾಳೆ.
ಲಾಡ್ಲೇಸಾಬ ಬಗ್ಗಿ ನೋಡುತ್ತಾನೆ.
‘ಚುಕ್ಕಿ ಮ್ಯಾಲ ಅಲ್ಲ ಬಾಯಿ, ತೆಳಗ.’